ಹರಿಗೋಲಿಗೆ ಕಟ್ಟಿದ ಸೀರೆ

ಹರಿಗೋಲಿಗೆ ಸೀರೆ ಕಟ್ಟಿ ಗಾಳಿಯಲ್ಲಿ ಹೋಗಬಹುದು ಅಂತ ನಮಗೆ ಹೇಳಿಕೊಟ್ಟವನು ಕೆರೆ ಏರಿಯ ಕೆಳಗಿದ್ದ ಬೆಸ್ತರ ಮುದುಕ. ಹರಿಗೋಲು ದುಂಡಗಿರುತ್ತದೆ, ಅದಕ್ಕೆ ಮುಂದು ಹಿಂದು ಇಲ್ಲ. ಬಟ್ಟೆ ಕಟ್ಟಿದರೆ ಬುಗುರಿ ಹಂಗೆ ಸುತ್ತುತ್ತದೆ ಅಂತ ನಾನು ನಕ್ಕೆ.

"ಸುತ್ತುದ್ರೆ ಸುತ್ಲಿ ಬುಡು ಬೂಬಮ್ಮ. ಹಿಂದ್ಗಡೆ ಕೂತೋನು ಹುಟ್ಟು ನೀರಿಂದ ಎತ್ಬಾರ್ದು, ಅಷ್ಟೇಯ. ಹುಟ್ಟು ಅನ್ನೋದು ಬಾಲ ಇದ್ದಂಗೆ. ಬಾಲ ಇದ್ರೆ ದನ ನೆಟ್ಟಗೆ ಹೋಯ್ತದೆ" ಅಂದ. ಆಮೇಲೆ ಇನ್ನೊಂದು ಮಾತು ಹೇಳಿದ. "ಗಾಳಿ ಜೋರಾದ್ರೆ ಕೆಳ್ಗಿನ ಚುಂಗು ಕೈಬುಡು. ಸೀರೆ ಹೋದ್ರೆ ಹೋಗ್ಲಿ ಅನ್ನು. ಹೆಂಗಸ್ರು ಸೀರೆ ಬುಡಲ್ಲ, ಅದಕ್ಕೇ ಹೇಳ್ತಾ ಇವ್ನಿ."

ಆರು ವರ್ಷ ನಾವು ಹಾಗೆ ಸುತ್ತಿದೆವು. ನಾನು ಬರೆಯುತ್ತಿರುವುದು ಕೊನೆಯ ಸುತ್ತಿನದು. ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಕೆರೆ ಕುಣಿಗಲ್ ಸೀಮೆಯದು. ಹೆಸರು ಬೇಡ, ಅಲ್ಲಿಯವರು ಇನ್ನೂ ಇದ್ದಾರೆ.

ನಮ್ಮದು ಕಲಾಯಿ ಕೆಲಸ. ತಾಮ್ರ, ಹಿತ್ತಾಳೆ ಪಾತ್ರೆಯ ಒಳಮೈಗೆ ತವರ ಹಚ್ಚುವುದು. ತವರ ಸವೆದ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಬಿಟ್ಟು ಮನೆಮಂದಿಯೆಲ್ಲ ವಾಂತಿ ಮಾಡಿಕೊಳ್ಳುತ್ತಾರೆ. ಅದಕ್ಕೆ ವರ್ಷಕ್ಕೊಂದು ಸಲವಾದರೂ ಕಲಾಯಿ ಬೇಕು. ನಮ್ಮ ಮನೆಯವರು ತವರ ಹಚ್ಚುತ್ತಿದ್ದರು, ನಾನು ತಿದಿ ಒತ್ತುತ್ತಿದ್ದೆ. ತಿದಿ ಅಂದರೆ ಚರ್ಮದ ಚೀಲ, ಒತ್ತಿದರೆ ಬೆಂಕಿಗೆ ಗಾಳಿ ಹೋಗುತ್ತದೆ. ತುಮಕೂರಲ್ಲಿ ಉಪ್ಪಾರಹಳ್ಳಿ ಕಡೆ ನಮ್ಮ ಬಾಡಿಗೆ ಮನೆ. ಬೇಸಿಗೆಯಲ್ಲಿ ಅವರೊಬ್ಬರೇ ಸೈಕಲ್ ಮೇಲೆ ಗುಬ್ಬಿ, ನಿಟ್ಟೂರು ಅಂತ ಹೋಗುತ್ತಿದ್ದರು. ಮಳೆ ಮುಗಿದು ಕೆರೆ ತುಂಬಿದ ಮೇಲೆ ಮಾತ್ರ ಇಬ್ಬರೂ ಕುಣಿಗಲ್ ಬಸ್ಸು ಹತ್ತುತ್ತಿದ್ದೆವು.

ಆ ಕೆರೆಯ ಹೊಟ್ಟೆಯೊಳಗೆ ಮೂರು ದಿಣ್ಣೆ ಇವೆ. ಮೂರರ ಮೇಲೂ ಹತ್ತಿಪ್ಪತ್ತು ಮನೆಯ ಹಟ್ಟಿಗಳು. ದೀಪಾವಳಿಯಿಂದ ಶಿವರಾತ್ರಿ ದಾಟುವವರೆಗೆ ಸುತ್ತ ನೀರು. ಪಡುವಣ ದಡ ಹತ್ತಿರವೇ, ಆದರೆ ಅಲ್ಲಿ ಹೂಳು. ಎತ್ತು ಇಳಿದರೆ ಮೇಲೆ ಬರುವುದಿಲ್ಲ. ತಿದಿ, ಇದ್ದಿಲು ಎಲ್ಲ ನೀರಿನ ಮೇಲೆ ಹೊತ್ತುಕೊಂಡು ಯಾವ ಕಲಾಯಿಯವನೂ ಅಲ್ಲಿಗೆ ಹೋಗುತ್ತಿರಲಿಲ್ಲ. ನಾವು ಹೋದೆವು, ಅದಕ್ಕೆ ಆ ಮೂರು ಊರೂ ನಮ್ಮವಾದವು.

ಮಾಗಿ ಕಾಲದಲ್ಲಿ ಅಲ್ಲಿ ಮೂಡಗಾಳಿ. ಏರಿ ಮೂಡಲಿಗಿದೆ, ದಿಣ್ಣೆಗಳು ಪಡುವಲಿಗೆ. ಬೆಳಿಗ್ಗೆ ಮಂಜು ಕರಗಿದ ಮೇಲೆ ಹುತ್ರಿದುರ್ಗದ ಬೆಟ್ಟವನ್ನು ಬೆನ್ನಿಗಿಟ್ಟುಕೊಂಡು ಸೀರೆ ಕಟ್ಟಿದರೆ ಗಾಳಿಯೇ ತಳ್ಳಿಕೊಂಡು ಹೋಗುತ್ತಿತ್ತು. ವಾಪಸ್ ಬರುವುದು ಬೇರೆ ಕತೆ. ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದುಹೋಗುತ್ತಿತ್ತು. ಹೋಗುವುದು ಗಾಳಿಯ ಕೆಲಸ, ಬರುವುದು ತೋಳಿನ ಕೆಲಸ ಅಂತ ಅವರು ಹೇಳುತ್ತಿದ್ದರು.

ಆ ಸಲ ಹೊರಡುವಾಗಲೇ ಅವರಿಗೆ ಕೆಮ್ಮಿತ್ತು. ಕಲಾಯಿಯವರ ಮನೆಯಲ್ಲಿ ಕೆಮ್ಮು ಹೊಸದಲ್ಲ. ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಾಮಾನು ಪೇರಿಸುವುದಕ್ಕೂ ಒಂದು ಕ್ರಮ ಇತ್ತು. ಇದ್ದಿಲ ಮೂಟೆ ನಡುವೆ, ಅದರ ಮೇಲೆ ನೆನೆಯದ ಹಾಗೆ ತಿದಿ. ತವರ ಹಿಡಿಯಲಿ ಅಂತ ಎರಚುವ ನವಸಾಗರದ ಪುಡಿಯನ್ನು ಡಬ್ಬಿಗೆ ಹಾಕಿ ಬಾಯಿಗೆ ಮೇಣ ಮೆತ್ತುತ್ತಿದ್ದೆವು, ಇಲ್ಲದಿದ್ದರೆ ತೇವ ಕುಡಿದು ಗಟ್ಟಿಯಾಗುತ್ತದೆ. ತವರದ ಕಡ್ಡಿಗಳು ಅವರ ಸೊಂಟದಲ್ಲಿ. ಎರಡು ಗಳ ನೆಟ್ಟು ನನ್ನ ಹಳೆ ನೀಲಿ ನೂಲು ಸೀರೆಯ ಮೇಲಿನ ಎರಡು ಮೂಲೆ ಕಟ್ಟುತ್ತಿದ್ದೆ. ಕೆಳಗಿನ ಒಂದು ಮೂಲೆ ಹರಿಗೋಲಿನ ಅಂಚಿಗೆ, ಇನ್ನೊಂದು ಮೂಲೆಯ ಚುಂಗು ನನ್ನ ಕೈಯಲ್ಲಿ. ಅವರು ಹಿಂದೆ ಹುಟ್ಟು ಹಿಡಿದು ಕೂರುತ್ತಿದ್ದರು.

ಮೊದಲನೇ ದಿಣ್ಣೆ ಇನ್ನೇನು ಇಪ್ಪತ್ತು ಹೆಜ್ಜೆ ಅನ್ನುವಾಗ ಗಾಳಿ ಒಂದೇ ಸಲ ಬೀಸಿತು.

"ಬಿಡೇ! ಚುಂಗು ಬಿಡೇ!" ಅಂತ ಕೂಗಿದರು.

ನಾನು ಬಿಡಲಿಲ್ಲ. ಯಾಕೆ ಅಂತ ಕೇಳಿದರೆ ಈಗಲೂ ಗೊತ್ತಿಲ್ಲ. ಸೀರೆ ಹೋದೀತು ಅಂತಲೇ ಇರಬೇಕು. ಹರಿಗೋಲು ಒಂದು ಮಗ್ಗುಲಿಗೆ ಬಾಗಿ ನೀರು ತುಂಬಿತು. ಅವರು ಧುಮುಕಿದರು. ಎದೆಮಟ್ಟ ನೀರು, ಪುಷ್ಯ ಮಾಸದ ಚಳಿ. ತಿದಿಯನ್ನು ತಲೆ ಮೇಲೆತ್ತಿಕೊಂಡು, ಇನ್ನೊಂದು ಕೈಯಲ್ಲಿ ಹರಿಗೋಲು ಹಿಡಿದು ನಿಂತರು. ನಾನು ಸಾಮಾನು ದಡಕ್ಕೆ ಸಾಗಿಸುವವರೆಗೂ ಹಾಗೇ ನಿಂತಿದ್ದರು. ಇದ್ದಿಲು ಪೂರ್ತಿ ನೆಂದಿತ್ತು. ತಿದಿಯ ಚರ್ಮ ಒಂದು ಕಡೆ ಹೊಲಿಗೆ ಬಿಟ್ಟಿತ್ತು.

"ಸೀರೆ ಉಳೀತಲ್ಲ, ಸಾಕು ಬಿಡು" ಅಂದರು, ಹಲ್ಲು ಕಟಕಟ ಅನ್ನುತ್ತಿದ್ದಾಗಲೇ. ಬೈದಿದ್ದರೆ ಚೆನ್ನಾಗಿತ್ತು.

ಒಂದು ದಿನ ಪೂರ್ತಿ ಇದ್ದಿಲು ಹರಡಿ ಒಣಗಿಸಿದೆವು. ಅವರು ಹಳೆ ಚಪ್ಪಲಿಯ ಚರ್ಮ ಕತ್ತರಿಸಿ ತಿದಿಗೆ ತೇಪೆ ಹಾಕಿ, ಹೊಲಿಗೆಗೆ ಡಾಂಬರು ಬಳಿದರು. ಆ ಊರಿನ ಹೆಂಗಸರು ಬಂದು ನೋಡಿದರು. ಪಾತ್ರೆ ತಂದವರು ನಾಲ್ಕೇ ಮನೆಯವರು. ಹಿಂದಿನ ವರ್ಷ ಒಂಬತ್ತು ಮನೆ ಇತ್ತು.

"ನಮ್ಮನೇಲಿ ಈಗ ಎಲ್ಲಾ ಸ್ಟೀಲು ಕಣಮ್ಮ. ಸ್ಟೀಲಿಗೂ ಕಲಾಯಿ ಹಾಕ್ತೀಯೇನು?" ಅಂತ ಒಬ್ಬಳು ಕೇಳಿದಳು. ಉಳಿದವರು ನಕ್ಕರು.

"ನಿನ್ ಮುಖಕ್ಕೆ ಬೇಕಾದ್ರೆ ಹಾಕ್ತೀನಿ, ಬಾ" ಅಂದೆ. ಮತ್ತೂ ನಕ್ಕರು. ನಗುವಿನಿಂದ ಪಾತ್ರೆ ಬರುವುದಿಲ್ಲ.

ನಡುದಿಣ್ಣೆಗೆ ಹೋಗುವ ಹೊತ್ತಿಗೆ ಅವರ ಮೈ ಬಿಸಿಯಾಗಿತ್ತು. ಆದರೂ ಕೆಲಸಕ್ಕೆ ಕೂತರು. ಕಲಾಯಿ ಹೇಗೆ ಹಾಕುವುದು ಅಂತ ಇಲ್ಲಿ ಹೇಳಲೇಬೇಕು. ಪಾತ್ರೆಗೆ ಮರಳು, ಹುಣಸೆಹುಳಿ ಹಾಕಿ ತಿಕ್ಕಬೇಕು. ದೊಡ್ಡ ಪಾತ್ರೆಯಾದರೆ ಒಳಗೆ ಬರಿಗಾಲಲ್ಲಿ ನಿಂತು, ಗೋಣಿ ತುಂಡು ಮೆಟ್ಟಿಕೊಂಡು, ಸೊಂಟ ತಿರುಗಿಸುತ್ತಾ ಕಾಲಲ್ಲೇ ಉಜ್ಜಬೇಕು. ಆಮೇಲೆ ಗುಂಡಿಯ ಕೆಂಡದ ಮೇಲೆ ಕಾಯಿಸಬೇಕು. ಕಾದ ಹದ ನೋಡಿ ಒಂದು ಚಿಟಿಕೆ ನವಸಾಗರ ಎರಚಬೇಕು. ಬುಸ್ಸೆಂದು ಬಿಳಿ ಹೊಗೆ ಏಳುತ್ತದೆ. ಹೊಗೆ ಎದ್ದ ಗಳಿಗೆಯಲ್ಲೇ ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಸರ್ರನೆ ಸವರಬೇಕು. ಒಂದು ಉಸಿರು ತಡವಾದರೆ ತವರ ಹಿಡಿಯುವುದಿಲ್ಲ. ಅದಕ್ಕೆ ತವರ ಹಚ್ಚುವವರು ಮುಖ ಹಿಂದಕ್ಕೆ ತೆಗೆಯುವಂತಿಲ್ಲ, ಹೊಗೆಯ ಒಳಗೇ ಇರಬೇಕು.

ಆ ಹೊಗೆ ಎದೆ ತೊಳೆಯುತ್ತದೆ ಅನ್ನುವುದು ನಮ್ಮವರ ನಂಬಿಕೆ. ನೆಗಡಿಯಾದರೆ, ಕೆಮ್ಮಾದರೆ ನಮ್ಮ ಮನೆಗಳಲ್ಲಿ ಬೇರೆ ಔಷಧಿ ಇರಲಿಲ್ಲ. ನಮ್ಮ ಮಾವ ಹಾಗೇ ಮಾಡುತ್ತಿದ್ದರು, ಅವರಪ್ಪನೂ ಹಾಗೇ. ಕಾದ ಪಾತ್ರೆಗೆ ಒಂದು ಚಿಟಿಕೆ ಜಾಸ್ತಿ ಎರಚಿ, ಬಗ್ಗಿ, ಕಣ್ಣು ಮುಚ್ಚಿ ಎಳೆದುಕೊಳ್ಳುವುದು. ಮೂಗು ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕಫ ಕಿತ್ತು ಬರುತ್ತದೆ. ಬಂದ ಕಫ ನೋಡಿ ಎದೆ ಹಗುರಾಯಿತು ಅನ್ನುತ್ತಿದ್ದೆವು.

ನಡುದಿಣ್ಣೆಯಲ್ಲಿ ನಾನೇ ಎರಚಿದೆ. ಪ್ರತಿ ಪಾತ್ರೆಗೂ ಒಂದು ಚಿಟಿಕೆ ಜಾಸ್ತಿ.

"ಎಳ್ಕೊಳ್ರಿ, ಚೆನ್ನಾಗಿ ಎಳ್ಕೊಳ್ರಿ" ಅಂದೆ.

ಎಳೆದುಕೊಂಡರು. ಇದ್ದಿಲಲ್ಲಿ ಇನ್ನೂ ತೇವ ಇತ್ತು, ಅದರ ಹೊಗೆ ಬೇರೆ. ನಾನು ತಿದಿ ಜೋರಾಗಿ ಒತ್ತಿದೆ. ಎರಡು ದಿನ ಹೀಗೆ ನಡೆಯಿತು. ಕಫ ತುಕ್ಕಿನ ಬಣ್ಣಕ್ಕೆ ತಿರುಗಿತು. ಒಳಗಿನ ಕೊಳೆಯೆಲ್ಲ ಬರುತ್ತಾ ಇದೆ ಅಂದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಸಾಮಾನು ಪೇರಿಸಿದೆವು. ಅವರು ಹರಿಗೋಲಿನ ಅಂಚು ಹಿಡಿದುಕೊಂಡು ನಿಂತರು, ಹತ್ತಲಿಲ್ಲ.

"ಲೇ, ವಾಪಸ್ ಹೋಗಿಬಿಡೋಣ" ಅಂದರು. "ಪಕ್ಕೇಲಿ ಹಿಡ್ಕೊಂಡಂಗಿದೆ. ಉಸಿರು ಪೂರ್ತಿ ಹೋಗ್ತಿಲ್ಲ. ಕುಣಿಗಲ್ ಆಸ್ಪತ್ರೇಲಿ ತೋರಿಸ್ಕೊಂಡು ಮತ್ತೆ ಬರೋಣ."

ಹನ್ನೆರಡು ವರ್ಷದ ಸಂಸಾರದಲ್ಲಿ ಅವರು ಅರ್ಧ ಕೆಲಸಕ್ಕೆ ವಾಪಸ್ ಹೋಗೋಣ ಅಂದದ್ದು ಅದೊಂದೇ ಸಲ.

ಕೊನೆದಿಣ್ಣೆಯ ಗೌಡರ ಮನೆಯಲ್ಲಿ ಮಗಳ ಮದುವೆ ಇತ್ತು, ಮಾಘ ಹುಟ್ಟಿದ ಕೂಡಲೇ. ಹನ್ನೊಂದು ದೊಡ್ಡ ಪಾತ್ರೆ ನಾವು ಒಪ್ಪಿಕೊಂಡಿದ್ದೆವು. ಆ ಮನೆಯೂ ಪೇಟೆಯಿಂದ ಪಾತ್ರೆ ಬಾಡಿಗೆಗೆ ತಂದರೆ ನಮ್ಮ ಸುತ್ತೇ ಮುಗಿಯಿತು ಅಂತ ನನಗೆ ಅನ್ನಿಸಿತ್ತು. ಏರಿ ಕಡೆ ನೋಡಿದೆ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನೀರಿನ ಮೇಲೆ ಸಣ್ಣ ಸಣ್ಣ ಅಲೆ. ಈ ಮೈಯಲ್ಲಿ ಇವರು ಹುಟ್ಟು ಹಾಕಲಾರರು, ನಾನೊಬ್ಬಳೇ ಹಾಕಬೇಕು. ತಿರುಗಿ ಕೊನೆದಿಣ್ಣೆ ಕಡೆ ನೋಡಿದೆ. ಅಲ್ಲಿಗೆ ಸುಮ್ಮನೆ ಕೂತರೆ ಸಾಕು.

"ಹನ್ನೊಂದು ಪಾತ್ರೆ ಹೊಗೇಲಿ ಕೆಮ್ಮು ಪೂರ್ತಿ ಹೋಗುತ್ತೆ, ಹತ್ರೀ" ಅಂದೆ.

ಅವರು ನನ್ನ ಮುಖ ನೋಡಿದರು. ಹತ್ತಿದರು. ನಾನು ಸೀರೆ ಕಟ್ಟಿದೆ.

ಕೊನೆದಿಣ್ಣೆಯ ದಡದಲ್ಲಿ ಗೌಡರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ನನ್ನ ವಯಸ್ಸಿನವಳೇ. ಬಾಯಿ ಜೋರು.

"ಏನ್ಲೇ ಬೂಬಮ್ಮ, ಸೀರೆ ಬಿಚ್ಚಿ ಗಾಳಿಗೆ ಕಟ್ಕೊಂಡು ಬಂದಿದೀಯಲ್ಲೇ! ನಮ್ಮೂರ್ ಗಂಡಸ್ರು ಗದ್ದೆ ಕೆಲಸ ಬುಟ್ಟು ಬಂದವ್ರೆ ನೋಡಕ್ಕೆ!"

"ಉಟ್ಕೊಂಡಿರೋದು ಬೇರೆ ಇದೆ ಗೌಡ್ರಮ್ಮ, ಅವ್ರಿಗೆ ವಾಪಸ್ ಹೋಗಿ ಅನ್ನಿ" ಅಂದೆ.

ಅವಳು ನಗುತ್ತಿದ್ದವಳು ನಮ್ಮ ಮನೆಯವರ ಮುಖ ನೋಡಿ ಸೊಂಟದಿಂದ ಕೈ ತೆಗೆದಳು. "ಸಾಬ್ರು ಯಾಕೆ ಹಿಂಗವ್ರೆ?" ಅಂತ ಮೆಲ್ಲಗೆ ಕೇಳಿದಳು.

"ಕೆಮ್ಮು. ಹೊಗೆ ಬಿದ್ರೆ ಹೋಗುತ್ತೆ."

ಆ ಮನೆಯ ಅಡುಗೆಕೋಣೆಗೆ ನಮ್ಮನ್ನು ಬಿಡುತ್ತಿರಲಿಲ್ಲ. ದನದ ಕೊಟ್ಟಿಗೆಯ ಪಕ್ಕ ನಮ್ಮ ಬಿಡಾರ. ಆದರೆ ಕಲಾಯಿಗೆ ಅಲ್ಲೊಂದು ವಾಡಿಕೆ ಇತ್ತು. ಸಂಜೆ ಕಲಾಯಿ ಮುಗಿದ ಪಾತ್ರೆಗೆ ಮಜ್ಜಿಗೆ ಹಾಕಿಡಬೇಕು. ಬೆಳಿಗ್ಗೆ ಅದು ಹಸಿರು ತಿರುಗದೆ ಬೆಳ್ಳಗಿದ್ದರೆ ಕೆಲಸ ಸರಿ. ಆ ಮಜ್ಜಿಗೆಯ ಮೊದಲ ಲೋಟ ಕಲಾಯಿ ಹಾಕಿದವನೇ ಕುಡಿಯಬೇಕು, ಮನೆಯವರ ಎದುರಿಗೆ. ಹಾಗಾಗಿ ಒಳಗೆ ಬಿಡದ ಮನೆಯ ಪಾತ್ರೆಗಳಲ್ಲೂ ಮೊದಲ ಗುಟುಕು ನಮ್ಮದೇ. ನಮ್ಮ ಮನೆಯವರಿಗೆ ಅದು ಬಲು ಹೆಮ್ಮೆ.

ಮೂರು ದಿನದಲ್ಲಿ ಹತ್ತು ಪಾತ್ರೆ ಮುಗಿಸಿದರು. ಹೇಗೆ ಮುಗಿಸಿದರೋ. ಒಂದೊಂದು ಪಾತ್ರೆ ಆದ ಮೇಲೂ ಗೋಡೆಗೆ ಒರಗಿ ಬಾಯಿ ತೆರೆದುಕೊಂಡು ಕೂರುತ್ತಿದ್ದರು, ನೀರಿಂದ ತೆಗೆದ ಮೀನಿನ ಹಾಗೆ. ನಾನು ಮುಂದಿನ ಪಾತ್ರೆಗೆ ಕೆಂಡ ಮಾಡುತ್ತಿದ್ದೆ, ಚಿಟಿಕೆ ಜಾಸ್ತಿ ಹಾಕುತ್ತಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ಮಜ್ಜಿಗೆ ಲೋಟ ಎತ್ತುವಾಗ ಅರ್ಧ ಚೆಲ್ಲಿಕೊಂಡರು. ಉಗುರುಗಳು ನೀಲಿಯಾಗಿದ್ದವು. ಗೌಡ್ರಮ್ಮ ಅದನ್ನು ನೋಡಿದಳು. ನಾನೂ ನೋಡಿದೆ.

"ಇನ್ನೊಂದು ಕೊಪ್ಪರಿಗೆ ಇರ್ಲಿ ಬುಡು, ಬೇಡ" ಅಂದಳು.

"ತೊಳೆದು ಇಟ್ಬಿಡ್ತೀನಿ ಅವ್ವ. ಒಬ್ರು ತೊಳೆದಿದ್ದಕ್ಕೆ ಇನ್ನೊಬ್ರು ತವರ ಹಚ್ಚಂಗಿಲ್ಲ. ನಾನು ತೊಳೆದಿಟ್ರೆ ನಾನೇ ಹಚ್ಚಿದಂಗೆ" ಅಂತ ಅವರು ನಕ್ಕರು. ಅದು ನಮ್ಮ ಕಸುಬಿನ ಕಟ್ಟಳೆ.

ಕೊಪ್ಪರಿಗೆಯೊಳಗೆ ಇಳಿದರು. ಸೊಂಟದವರೆಗೆ ಬರುವಂಥ ಕೊಪ್ಪರಿಗೆ, ನೂರಾರು ಜನಕ್ಕೆ ಸಾರು ಆಗುವಂಥದು. ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ ಹಗ್ಗ ಹಿಡಿದುಕೊಂಡು ಕಾಲಲ್ಲಿ ಉಜ್ಜತೊಡಗಿದರು. ಸರ್ ಸರ್ ಅನ್ನುವ ಸದ್ದು ಕೇಳುತ್ತಾ ನಾನು ಹೊರಗೆ ಇದ್ದಿಲು ಒಡೆಯುತ್ತಿದ್ದೆ. ಸದ್ದು ನಿಂತಿತು. ದಣಿದರು ಅಂದುಕೊಂಡು ಇನ್ನೂ ನಾಲ್ಕು ಇದ್ದಿಲು ಒಡೆದೆ. ಆಮೇಲೆ ಹೋಗಿ ನೋಡಿದೆ. ಕೊಪ್ಪರಿಗೆಯ ತಳದಲ್ಲಿ ಮಂಡಿ ಮಡಚಿ ಬಿದ್ದಿದ್ದರು. ತುಟಿ ಉಗುರಿನ ಬಣ್ಣವೇ ಆಗಿತ್ತು. ಉಸಿರಿತ್ತು, ಎದೆಯೊಳಗೆ ಹುಕ್ಕಾ ಗುಡಗುಡಿಸಿದ ಹಾಗೆ.

ಗೌಡರು ಊರಿನ ಹರಿಗೋಲು ತೆಗೆದುಕೊಂಡು ಕುಣಿಗಲ್ ಕಡೆ ಮದುವೆ ಬಟ್ಟೆಗೆ ಹೋಗಿದ್ದರು. ಹುಟ್ಟು ಹಾಕಬಲ್ಲ ಗಂಡಸರೆಲ್ಲ ಅದರಲ್ಲೇ ಹೋಗಿದ್ದರು. ಸೀರೆ ನೋಡಕ್ಕೆ ಬಂದ ಶೂರರಲ್ಲಿ ಉಳಿದವರು ಇಬ್ಬರು ಮುದುಕರು.

"ನಾನ್ ಬತ್ತೀನಿ ನಡಿ" ಅಂದಳು ಗೌಡ್ರಮ್ಮ.

"ಮದ್ವೆ ಮನೆ ಗೌಡ್ರಮ್ಮ ನಿಮ್ದು."

"ಮದ್ವೆ ಏನು ಇವತ್ತಾ? ನಾನು ಇದೇ ನೀರಲ್ಲಿ ಹುಟ್ಟಿ ಬೆಳೆದೋಳು ಕಣೇ. ನಿನಗಿಂತ ಚೆನ್ನಾಗಿ ಗಳ ಹಾಕ್ತೀನಿ. ಎತ್ತು ಅವ್ರನ್ನ."

ತಿದಿ, ಇದ್ದಿಲು, ನವಸಾಗರ ಎಲ್ಲ ಅಲ್ಲೇ ಬಿಟ್ಟೆವು. ಗಳಕ್ಕೆ ಕಟ್ಟಿದ್ದ ಸೀರೆ ಬಿಚ್ಚಿ ಅವರಿಗೆ ಹೊದಿಸಿದೆ. ನೆತ್ತಿ ಮೇಲೆ ಹೊತ್ತು, ಗಾಳಿ ಪೂರ್ತಿ ಎದುರು. ನಡುನೀರಿಗೆ ಹೋದರೆ ಹರಿಗೋಲು ಸುತ್ತುತ್ತಿತ್ತೇ ಹೊರತು ಮುಂದೆ ಹೋಗುತ್ತಿರಲಿಲ್ಲ. ಗೌಡ್ರಮ್ಮ ತೆಂಕಣ ದಡದ ಜಾಲಿ ಮರಗಳ ಮರೆ ಹಿಡಿಸಿದಳು. ದಾರಿ ಎರಡರಷ್ಟಾಯಿತು, ಆದರೆ ಅಲ್ಲಿ ಗಾಳಿ ಅಷ್ಟಿರಲಿಲ್ಲ. ನೀರು ಕಡಿಮೆ ಇದ್ದಲ್ಲಿ ಅವಳು ಗಳ ಊರಿ ತಳ್ಳುತ್ತಿದ್ದಳು, ಆಳ ಇದ್ದಲ್ಲಿ ನಾನು ಮುಂದೆ ಮಂಡಿಯೂರಿ ಹುಟ್ಟನ್ನು ನನ್ನ ಕಡೆಗೆ ಎಳೆಯುತ್ತಿದ್ದೆ. ಮರಗಳು ಮುಗಿದು ಬಯಲು ನೀರು ಬಂದ ಕಡೆ ಹತ್ತು ಸಲ ಎಳೆದರೆ ಏಳು ಸಲದಷ್ಟು ಹಿಂದಕ್ಕೆ ಹೋಗುತ್ತಿದ್ದೆವು. ನನ್ನ ಅಂಗೈ ಚರ್ಮ ಸುಲಿದು ಹುಟ್ಟಿನ ಹಿಡಿ ಒದ್ದೆಯಾಯಿತು.

ಎಳೆದ ಒಂದೊಂದು ಸಲಕ್ಕೂ ನಡುದಿಣ್ಣೆಯ ಬೆಳಿಗ್ಗೆ ನೆನಪಾಗುತ್ತಿತ್ತು. ಅಲ್ಲಿಂದ ಏರಿಗೆ ಇದರ ಅರ್ಧ ದೂರವೇ ಇದ್ದದ್ದು. ನಾಲ್ಕು ದಿನ ಮೊದಲು ಈ ಕೆಲಸ ನನ್ನ ಕೈಲಿ ಆಗುತ್ತಿತ್ತು ಅಂತ ಈಗ ಮಾಡುತ್ತಾ ಗೊತ್ತಾಯಿತು.

ಒಂದು ಸಲ ಅವರು ಕಣ್ಣು ಬಿಟ್ಟರು. "ಹುಟ್ಟು ನೀರಿಂದ ಎತ್ಬೇಡ" ಅಂದರು. ಅಷ್ಟೇ.

ಏರಿ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಬೆಸ್ತರ ಮುದುಕ ಗಾಡಿ ಕಟ್ಟಿಸಿದ. ಕುಣಿಗಲ್ ಆಸ್ಪತ್ರೆಯವರು ನೋಡಿ, ಸೂಜಿ ಚುಚ್ಚಿ, ಇದು ಇಲ್ಲಿ ಆಗಲ್ಲ ಅಂತ ತುಮಕೂರಿಗೆ ಕಳಿಸಿದರು. ಗೌಡ್ರಮ್ಮ ಕುಣಿಗಲ್‌ವರೆಗೂ ಬಂದು, ಅಲ್ಲಿ ಗಂಡನನ್ನು ಹುಡುಕಿಕೊಂಡು ಹೋದಳು.

ತುಮಕೂರಿನ ಡಾಕ್ಟರು ವಯಸ್ಸಾದವರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಏನ್ ಕೆಲಸ ಮಾಡ್ತಾರಮ್ಮ?"

"ಕಲಾಯಿ, ಸಾರ್."

"ನವಸಾಗರದ ಹೊಗೆ ಬರುತ್ತಲ್ಲ, ಮೂಗಿಗೆ ಬಾಯಿಗೆ ಏನ್ ಕಟ್ಕೋತಾರೆ?"

"ಏನೂ ಇಲ್ಲ ಸಾರ್. ಕೆಮ್ಮಿಗೆ ಒಳ್ಳೇದಲ್ವಾ, ಎಳ್ಕೋತಾರೆ."

ಅವರು ಬರೆಯುವುದು ನಿಲ್ಲಿಸಿದರು. "ಯಾರು ಹೇಳಿದ್ದು ಒಳ್ಳೇದು ಅಂತ?"

"ಅವ್ರಪ್ಪ. ಅವ್ರ ತಾತ. ನಮ್ಮೋರೆಲ್ಲ."

"ಅವ್ರೆಲ್ಲ ಎಷ್ಟು ವರ್ಷ ಬದುಕಿದ್ರು?"

ಮನಸ್ಸಲ್ಲೇ ಎಣಿಸಿದೆ. ಮಾವ, ಅವರ ತಮ್ಮ, ಅವರಪ್ಪ. ಐವತ್ತು ದಾಟಿದವರು ಒಬ್ಬರೂ ಇರಲಿಲ್ಲ. ಎಲ್ಲರೂ ಕೆಮ್ಮಿಯೇ ಹೋದವರು. ಹೊಗೆ ಸಾಲಲಿಲ್ಲ ಅಂತ ನಾವು ಅಂದುಕೊಂಡಿದ್ದೆವು.

ಡಾಕ್ಟರು ಬೈಯಲಿಲ್ಲ. "ಈಗಿಂದು ನ್ಯುಮೋನಿಯಾ. ಆದ್ರೆ ಎದೆ ಮೊದಲೇ ಆ ಹೊಗೇಲಿ ಬೆಂದಿದೆ, ತಡ್ಕೊಳ್ಳೋ ಶಕ್ತಿ ಇಲ್ಲ. ಒಂದು ಒದ್ದೆ ಬಟ್ಟೆ ಕಟ್ಕೊಂಡಿದ್ರೂ ಇಷ್ಟು ಆಗ್ತಿರ್ಲಿಲ್ಲಮ್ಮ" ಅಂದರು.

ಬಟ್ಟೆ ನನ್ನ ಕಂಕುಳಲ್ಲೇ ಇತ್ತು. ಅವರಿಗೆ ಹೊದಿಸಿ ತಂದ ಸೀರೆ. ಆಸ್ಪತ್ರೆಯವರು ಅದನ್ನು ತೆಗೆದು ಕಂಬಳಿ ಹಾಕಿದ್ದರು.

ಮೂರನೇ ದಿನ ಮಧ್ಯಾಹ್ನ ಹೋದರು.

ನಮ್ಮಲ್ಲಿ ಗಂಡ ಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟಬಾರದು. ಇದ್ದತ್ ಅನ್ನುತ್ತೇವೆ. ಒಳಗೆ ಕೂತಿದ್ದೆ. ಬಂದವರು ಅಲ್ಲಾನ ಇಚ್ಛೆ ಅಂದರು. ನಾನು ಹೂಂ ಅಂದೆ. ಚಿಟಿಕೆ ನನ್ನದು ಅಂತ ಯಾರಿಗೂ ಹೇಳಲಿಲ್ಲ. ಡಾಕ್ಟರಿಗೆ ಕಲಾಯಿ ಏನು ಗೊತ್ತು, ಮೂರು ತಲೆಮಾರಿಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತೇ ಅಂತ ಒಂದು ದಿನ ಅಂದುಕೊಳ್ಳುತ್ತಿದ್ದೆ. ಮಾರನೇ ದಿನ ಮತ್ತೆ ಎಣಿಸುತ್ತಿದ್ದೆ. ಮಾವ, ಅವರ ತಮ್ಮ, ಅವರಪ್ಪ, ಇವರು.

ಇದ್ದತ್ ಮುಗಿದ ವಾರಕ್ಕೆ ಕುಣಿಗಲ್ ಬಸ್ಸು ಹತ್ತಿದೆ. ತಿದಿ ತರಬೇಕಿತ್ತು. ಮುಂಗಾರು ಇನ್ನೂ ಹಿಡಿದಿರಲಿಲ್ಲ. ಏರಿ ಹತ್ತಿ ನೋಡಿದರೆ ಕೆರೆಯೇ ಇಲ್ಲ. ತೂಬಿನ ಹತ್ತಿರ ಒಂದಿಷ್ಟು ನೀರು, ಉಳಿದದ್ದೆಲ್ಲ ಬಿರುಕು ಬಿಟ್ಟ ಮಣ್ಣು. ದನ ಮೇಯುತ್ತಿದ್ದವು. ಯಾರೋ ಸೌತೆ ಬಳ್ಳಿ ಹಾಕಿದ್ದರು. ಬೆಸ್ತರ ಮುದುಕ ನನ್ನನ್ನು ನೋಡಿ ಎದ್ದು ಬಂದು ಕುಡಿಯಲು ನೀರು ಕೊಟ್ಟ.

ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಮೊದಲನೇ ದಿಣ್ಣೆಗೆ ಇಪ್ಪತ್ತು ಹೆಜ್ಜೆ ಇರುವಾಗ ಅವರು ತಿದಿ ಹೊತ್ತು ನಿಂತಿದ್ದ ಜಾಗ. ಒಣಗಿದ ಗುಳ್ಳೆಚಿಪ್ಪು ಬಿದ್ದಿದ್ದವು. ನಡುದಿಣ್ಣೆ ಹತ್ತಿ ಏರಿ ಕಡೆ ನೋಡಿದೆ, ಕೊನೆದಿಣ್ಣೆ ಕಡೆ ನೋಡಿದೆ. ಎರಡೂ ಒಂದೇ ದೂರ. ಗಾಳಿ ಇದ್ದದ್ದರಿಂದ ಒಂದು ಹತ್ತಿರ, ಇನ್ನೊಂದು ದೂರ ಅನ್ನಿಸಿತ್ತು.

ಗೌಡ್ರಮ್ಮ ನನ್ನನ್ನು ಜಗಲಿಯ ಮೇಲೆ ಕೂರಿಸಿದಳು. ಮದುವೆ ಆಯಿತು, ಮಗಳು ಗಂಡನ ಮನೆಗೆ ಹೋದಳು ಅಂದಳು. ನಮ್ಮ ಸಾಮಾನನ್ನು ಇಲಿ ಕಡಿಯದ ಹಾಗೆ ಅಟ್ಟದ ಮೇಲಿಟ್ಟಿದ್ದಳು. ಕೊಪ್ಪರಿಗೆ ಕೊಟ್ಟಿಗೆಯಲ್ಲಿ ಬೋರಲಾಗಿತ್ತು.

"ಮದ್ವೇಲಿ ಇದ್ರಲ್ಲಿ ಅಡಿಗೆ ಮಾಡ್ಲಿಲ್ವಾ?"

"ಸಣ್ಣ ಪಾತ್ರೇಲೇ ನಾಕ್ ನಾಕ್ ಸಲ ಬೇಯ್ಸುದ್ವಿ. ಗುಬ್ಬಿ ಕಡೆಯಿಂದ ಇನ್ನೊಬ್ಬ ಕಲಾಯೋನ್ನ ಕರಸ್ತೀನಿ ಅಂದ್ರು ಗೌಡ್ರು. ನಾನು ಬ್ಯಾಡ ಅಂದೆ. ಸಾಬ್ರು ತೊಳೆದವ್ರೆ, ಇನ್ನೊಬ್ರು ಹಚ್ಚಂಗಿಲ್ಲ ಅಂತ ಅವ್ರೇ ಹೇಳಿದ್ರಲ್ಲ."

ಕೊಪ್ಪರಿಗೆ ಮಗುಚಿ ನೋಡಿದೆ. ತಳದಲ್ಲಿ ಅವರ ಕಾಲು ತಿರುಗಿದ ಗೆರೆಗಳು, ಸುತ್ತು ಸುತ್ತು. ಒಂದು ಕಡೆ ಅರ್ಧಕ್ಕೆ ನಿಂತಿತ್ತು. ಎಲ್ಲದರ ಮೇಲೂ ಹಸಿರು ಕಿಲುಬು ಹಿಡಿದಿತ್ತು. ಕಿಲುಬಿನ ಮೇಲೆ ತವರ ನಿಲ್ಲುವುದಿಲ್ಲ. ಮತ್ತೆ ಉಜ್ಜಲೇಬೇಕು.

"ನಾನು ಹಾಕ್ತೀನಿ" ಅಂದೆ. "ನೀವು ತಿದಿ ಒತ್ತಿ."

"ನೀನಾ? ಹೆಂಗಸು ಕಲಾಯಿ ಹಾಕಿದ್ದು ನಾನ್ ಕಾಣೆ."

"ನಾನೂ ಕಾಣೆ."

ಒಳಗೆ ಇಳಿದು, ಅದೇ ಹಗ್ಗ ಹಿಡಿದು ಉಜ್ಜಿದೆ. ಗೆರೆಗಳು ಹೋದವು. ಸಂಜೆಯಾಗುವ ಮುಂಚೆ ಗುಂಡಿಗೆ ಕೆಂಡ ಮಾಡಿದೆ. ಗೌಡ್ರಮ್ಮ ಸೆರಗು ಸಿಕ್ಕಿಸಿ ತಿದಿಯ ಹತ್ತಿರ ಕೂತಳು. ಚಪ್ಪಲಿ ಚರ್ಮದ ತೇಪೆ ಇನ್ನೂ ಗಟ್ಟಿಯಾಗಿತ್ತು. ನಾನು ಚೀಲದಿಂದ ನೀಲಿ ಸೀರೆ ತೆಗೆದು ಸೆರಗು ಹರಿದೆ. ಉಳಿದದ್ದನ್ನು ಅವಳಿಗೆ ಕೊಟ್ಟು ಮೂಗು ಮುಚ್ಚಿಕೊಳ್ಳಿ ಅಂದೆ. ನನ್ನ ತುಂಡನ್ನು ನೀರಲ್ಲಿ ಅದ್ದಿ, ಮೂಗು ಬಾಯಿ ಸೇರಿಸಿ ಹಿಂದಕ್ಕೆ ಗಂಟು ಹಾಕಿದೆ. ಡಾಕ್ಟರ ಮಾತು ಸುಳ್ಳಾಗಲಿ ಅಂತಲೇ ಕಟ್ಟಿಕೊಂಡೆ. ಒಂದು ತುಂಡು ಬಟ್ಟೆಯಲ್ಲಿ ನಿಲ್ಲುವ ಹೊಗೆಯಲ್ಲ ಅದು, ನನಗೆ ಗೊತ್ತಿತ್ತು. ನನಗೂ ಕೆಮ್ಮು ಬಂದರೆ, ಬಟ್ಟೆ ಕಟ್ಟಿದ್ದರೂ ಅವರು ಉಳಿಯುತ್ತಿರಲಿಲ್ಲ ಅಂತ ಆಯಿತು.

ಹದ ಬಂತು. ಎರಚಿದೆ. ಚಿಟಿಕೆಯಲ್ಲ, ಹಿಡಿ. ಆ ಕೊಪ್ಪರಿಗೆಯ ಹೊಗೆ ಕೊಟ್ಟಿಗೆ ತುಂಬಿ ಕಂಬ ಕಾಣದ ಹಾಗಾಯಿತು. ದನಗಳು ಹಗ್ಗ ಜಗ್ಗಿದವು. ಕೊಪ್ಪರಿಗೆಯೊಳಗೆ ತಲೆ ಬಗ್ಗಿಸಿ ತವರ ಮುಟ್ಟಿಸಿದೆ, ಸವರಿದೆ. ಪಾತ್ರೆ ತಿರುಗಿಸಿ ಮತ್ತೆ ಎರಚಿದೆ. ಅವರ ಕೈಯ ಹಾಗೆ ಸಮನಾಗಿ ಬರಲಿಲ್ಲ, ಅಲ್ಲಲ್ಲಿ ದಪ್ಪ ನಿಂತಿತು. ಆದರೆ ಹಿಡಿಯಿತು. ತಳದಿಂದ ಅಂಚಿನವರೆಗೂ ಬೆಳ್ಳಗಾಯಿತು.

"ಆಯ್ತಲ್ಲೇ, ಈಚೆಗೆ ಬಾ" ಅಂತ ಗೌಡ್ರಮ್ಮ ಕೂಗಿದಳು. "ಯಾಕೆ ಅಲ್ಲೇ ಕೂತೆ?"

ಅಷ್ಟು ಹೊಗೆಯಲ್ಲಿ ನನಗೆ ಒಂದು ಸಲವೂ ಕೆಮ್ಮು ಬಂದಿರಲಿಲ್ಲ. ಹೊಗೆ ಪೂರ್ತಿ ಅಡಗುವವರೆಗೂ ಅಲ್ಲೇ ಕೂತಿದ್ದೆ, ಬರಲಿ ಅಂತ. ಬರಲಿಲ್ಲ.